ಬಿಲೋ ಗ್ರೇಡ್: ಹಳೆಯ ಮನೆಯ ಕೆಳ ಅಂತಸ್ತಿನ ಲೆಕ್ಕ

ಅಮೆರಿಕದಲ್ಲಿ ಹಳೆಯ ಮನೆ ಕೊಳ್ಳುವಾಗ ಅಪ್ರೈಸರ್, ಅಂದರೆ ಮನೆಗೆ ಬೆಲೆ ಕಟ್ಟುವವರು, ಕೆಳ ಅಂತಸ್ತನ್ನು 'ಬಿಲೋ ಗ್ರೇಡ್' ಎಂದು ಬರೆಯುವುದುಂಟು. ಗ್ರೇಡ್ ಎಂದರೆ ಹೊರಗೋಡೆಗೆ ತಾಗಿದ ನೆಲದ ಮಟ್ಟ. ಅಂತಸ್ತಿನ ಒಂದು ಮೂಲೆ ಆ ಮಟ್ಟಕ್ಕಿಂತ ಕೆಳಗಿದ್ದರೂ ಸಾಕು, ಇಡೀ ಅಂತಸ್ತು ಬಿಲೋ ಗ್ರೇಡ್.

1950ರಿಂದ 70ರ ದಶಕದವರೆಗೆ ಕಟ್ಟಿದ ಸ್ಪ್ಲಿಟ್ ಲೆವೆಲ್, ಬೈ ಲೆವೆಲ್ ಮನೆಗಳಲ್ಲಿ, ಅಂದರೆ ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಕೆಲವೇ ಮೆಟ್ಟಿಲು ಹತ್ತಿ ಇಳಿಯುವ ಮನೆಗಳಲ್ಲಿ, ಗೊಂದಲ ಜಾಸ್ತಿ. ಅವುಗಳ ಕೆಳ ಅಂತಸ್ತು ಅರ್ಧ ಮಣ್ಣಿನೊಳಗೆ ಇರುತ್ತದೆ. ಆದರೆ ಒಳಗೆ ಹೋದರೆ ದೊಡ್ಡ ಕಿಟಕಿ, ಬಚ್ಚಲು, ಫ್ಯಾಮಿಲಿ ರೂಮ್ ಎಲ್ಲವೂ ಇದೆ. ಮೇಲೆ 1,200 ಚದರಡಿ, ಕೆಳಗೆ 600 ಇದೆ ಅಂದುಕೊಳ್ಳಿ. ಜಾಹೀರಾತಿನಲ್ಲಿ 1,800 ಎಂದು ಬಂದಿರಬಹುದು. ಅಪ್ರೈಸರ್ ಮಾತ್ರ ವಾಸದ ಜಾಗ, ಅಂದರೆ ಜಿಎಲ್‌ಎ (ಗ್ರಾಸ್ ಲಿವಿಂಗ್ ಏರಿಯಾ), 1,200 ಎಂದೇ ಬರೆಯುತ್ತಾರೆ; ಬಿಲೋ ಗ್ರೇಡ್ ಅಂತಸ್ತು ಅದರಲ್ಲಿ ಸೇರುವುದಿಲ್ಲ. ಹಿಂದಿನ ಬಾಗಿಲು ನೇರ ಅಂಗಳಕ್ಕೆ ತೆರೆಯುವ ವಾಕ್‌ಔಟ್ ಬೇಸ್‌ಮೆಂಟ್‌ಗೂ ಇದೇ ನಿಯಮ.

ಹಾಗಾದರೆ ಆ 600 ಚದರಡಿಗೆ ಬೆಲೆಯೇ ಇಲ್ವಾ? ಖಂಡಿತ ಇದೆ. ವರದಿಯಲ್ಲಿ ಬೇಸ್‌ಮೆಂಟ್‌ಗೆ ಬೇರೆ ಸಾಲು ಇರುತ್ತದೆ. ಅಕ್ಕಪಕ್ಕ ಮಾರಾಟವಾದ ಅಂಥದ್ದೇ ಮನೆಗಳನ್ನು ನೋಡಿ ಅದಕ್ಕೆ ಬೆಲೆ ಕಟ್ಟುತ್ತಾರೆ. 'ಕೆಳಗಿನದಕ್ಕೆ ಅರ್ಧ ಬೆಲೆ' ಎಂಬುದು ಸುಮ್ನೆ ಬಾಯಿಮಾತು, ನಿಯಮವಲ್ಲ.

ಈ ಅಳತೆಯ ಕ್ರಮ ಅಮೆರಿಕದ ಮಾನದಂಡ ಸಂಸ್ಥೆ ಆನ್ಸಿಯ ಝಡ್765 ಎಂಬ ಮಾನದಂಡದ್ದು. ಗೃಹಸಾಲಗಳನ್ನು ಬ್ಯಾಂಕುಗಳಿಂದ ಕೊಳ್ಳುವ ಫ್ಯಾನಿ ಮೇ ಸಂಸ್ಥೆ 2022ರ ಏಪ್ರಿಲ್ 1ರಿಂದ ಇದನ್ನು ಕಡ್ಡಾಯ ಮಾಡಿತು. ಅದಕ್ಕೂ ಮೊದಲು ಒಬ್ಬೊಬ್ಬರದು ಒಂದೊಂದು ಲೆಕ್ಕವಾಗುವ ಸಾಧ್ಯತೆ ಇತ್ತು. ಹೀಗಾಗಿ ಈ ನಿಯಮ ಕಟುವೆನಿಸಿದರೂ ನನಗೆ ಒಪ್ಪಿಗೆ. ಎರಡು ಮನೆಗಳನ್ನು ಹೋಲಿಸಲು ಅಳತೆ ಒಂದೇ ಇರಬೇಕು, ಅಲ್ವಾ?

ಹಳೆಯ ಮನೆಗಳಿಗೆ ಇನ್ನೊಂದು ತೊಡಕು ಚಾವಣಿಯದು. ಜಾಗ ಅಳತೆಯ ಲೆಕ್ಕಕ್ಕೆ ಸೇರಲು ಕನಿಷ್ಠ 7 ಅಡಿ ಎತ್ತರ ಬೇಕು. ತೊಲೆ, ಡಕ್ಟ್‌ಗಳ (ಗಾಳಿ ಸಾಗಿಸುವ ಕೊಳವೆಗಳ) ಕೆಳಗೆ 6 ಅಡಿ 4 ಇಂಚು ನಡೆಯುತ್ತದೆ. ಇಳಿಜಾರು ಚಾವಣಿಯ ಅಟ್ಟದ ಕೋಣೆಯಾದರೆ, 5 ಅಡಿಗಿಂತ ತಗ್ಗಿರುವ ಭಾಗ ಲೆಕ್ಕಕ್ಕೇ ಇಲ್ಲ.

ತೆರಿಗೆ ಕಚೇರಿಯ ದಾಖಲೆ ಈ ನಿಯಮವನ್ನೇ ಪಾಲಿಸಬೇಕೆಂದಿಲ್ಲ. ಆದ್ದರಿಂದ ಚದರಡಿಗೆ ಎಷ್ಟು ಬಿತ್ತು ಎಂದು ಭಾಗಿಸುವ ಮುನ್ನ, ಹೇಳಿದ ಅಳತೆಯಲ್ಲಿ ಕೆಳ ಅಂತಸ್ತು ಸೇರಿದೆಯೇ ಎಂದು ಏಜೆಂಟರನ್ನು ಕೇಳಿ.