ಆಫೀಸಿನಲ್ಲಿ ಪಾಸು, ಸೈಟಿನಲ್ಲಿ ಫೇಲು

ಇಂಟರ್ನೆಟ್ ಇಲ್ಲದ ಕಂಪ್ಯೂಟರಿಗೆ ಕೋಡ್ ತಲುಪಿಸುವುದು ನನ್ನ ಕೆಲಸದ ಒಂದು ಭಾಗ. ಭದ್ರತೆಗೆ ಅಂತ ಹೊರಗಿನ ನೆಟ್‌ವರ್ಕ್ ಕೊಡದ ಜಾಗಗಳವು. ಅಲ್ಲಿಗೆ ಪುಶ್ ಮಾಡೋಕಾಗಲ್ಲ, ಅಂದರೆ ನೆಟ್‌ವರ್ಕ್ ಮೂಲಕ ಕೋಡ್ ಕಳಿಸೋಕಾಗಲ್ಲ. ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಫ್ಟ್‌ವೇರ್ ಗಿಟ್; ಅದರಲ್ಲಿ ದಾಖಲಾದ ಒಂದೊಂದು ಬದಲಾವಣೆ ಒಂದು ಕಮಿಟ್. ಹಾಗಾಗಿ ಬೇಕಾದ ಕಮಿಟ್‌ಗಳನ್ನು 'ಗಿಟ್ ಬಂಡಲ್' ಕಮಾಂಡಿನಿಂದ ಒಂದೇ ಫೈಲಿಗೆ ಕಟ್ಟಿ, ಪೆನ್‌ಡ್ರೈವಿನಲ್ಲಿ ಒಯ್ಯುತ್ತೇವೆ. ಅಲ್ಲಿನ ರೆಪೊಗೆ (ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹ) ಆ ಫೈಲಿನಿಂದಲೇ ಫೆಚ್ ಮಾಡಬಹುದು, ಅಂದರೆ ಕಮಿಟ್‌ಗಳನ್ನು ತಂದುಕೊಳ್ಳಬಹುದು.

ಒಮ್ಮೆ ಹೊಸ ಬ್ರಾಂಚ್ (ಕಮಿಟ್‌ಗಳ ಪ್ರತ್ಯೇಕ ಕವಲು) ಒಂದನ್ನು ಒಯ್ಯಬೇಕಿತ್ತು. ಮುಖ್ಯ ಬ್ರಾಂಚ್ ಆದ ಮೇನ್ ಸೈಟಿನವರ ಹತ್ತಿರ ಇದೆಯಲ್ಲ ಅಂತ, ಮೇನ್‌ನಲ್ಲಿ ಇಲ್ಲದ ಕಮಿಟ್‌ಗಳನ್ನಷ್ಟೇ ಕಟ್ಟಿದೆ. ಬಂಡಲ್ ಸರಿಯಿದೆಯಾ ಅಂತ ನೋಡುವ 'ವೆರಿಫೈ' ಓಡಿಸಿದೆ, ಎಲ್ಲ ಸರಿ ಅಂತು. ಮೂರು ಗಂಟೆ ಬಸ್ಸಿನಲ್ಲಿ ಕೂತು ಹೋಗಿ ಫೆಚ್ ಮಾಡಿದರೆ ಎರರ್: ಮೊದಲೇ ಇರಬೇಕಾದ ಕಮಿಟ್‌ಗಳು ಈ ರೆಪೊದಲ್ಲಿ ಇಲ್ಲ. ಅವರ ಮೇನ್ ನನ್ನದಕ್ಕಿಂತ ಎರಡು ವಾರ ಹಿಂದಿತ್ತು. ತಪ್ಪು ನನ್ನದೇ. ಮೊದಲೇ ಇರಬೇಕಾದ ಕಮಿಟ್‌ಗಳನ್ನು ವೆರಿಫೈ ಹುಡುಕುವುದು ತಾನು ಓಡುತ್ತಿರುವ ರೆಪೊದಲ್ಲಿ. ಬಂಡಲ್ ಕಟ್ಟಿದ ರೆಪೊದಲ್ಲಿ ಹಳೆಯ ಕಮಿಟ್‌ಗಳು ಇಲ್ಲದೆ ಇನ್ನೆಲ್ಲಿರುತ್ತವೆ?

ಇತಿಹಾಸ ಒಂದೇ ಗೆರೆಯಲ್ಲಿ ಸಾಗಿದ್ದರೆ ಇದು ಅಷ್ಟು ತೊಡಕಲ್ಲ. ಕವಲೊಡೆದು ಮತ್ತೆ ಕೂಡಿದಾಗಲೇ ಎಡವುವುದು. ಮೇನ್‌ನಲ್ಲಿ ಅ, ಆ, ಇ, ಈ ಅಂತ ನಾಲ್ಕು ಕಮಿಟ್ ಇವೆ ಅನ್ನಿ. 'ಆ' ಇಂದ ಒಂದು ಬ್ರಾಂಚ್ ಹೊರಟು ಅದರಲ್ಲಿ ಉ, ಊ ಸೇರಿದವು. ಆಮೇಲೆ ಊ ಅನ್ನು ಮೇನ್‌ಗೆ ಮರ್ಜ್ ಮಾಡಿದಾಗ, ಅಂದರೆ ಕೂಡಿಸಿದಾಗ, ಎ ಹುಟ್ಟಿತು. ಈಗ 'ಕಮಿಟ್ ಈ ಇಂದ ಮೇನ್‌ವರೆಗೆ' ಬಂಡಲ್ ಕಟ್ಟಿದರೆ ಒಳಗೆ ಏನಿರುತ್ತದೆ? ಸುಮಾರು ಜನ ಎ ಒಂದೇ ಅನ್ನುತ್ತಾರೆ. ಉ, ಊ ಕೂಡ ಇರುತ್ತವೆ. ಗಿಟ್‌ಗೆ ಇದು ಎರಡು ಬಿಂದುಗಳ ನಡುವಿನ ದಾರಿ ಅಲ್ಲ, ಕಳೆಯುವ ಲೆಕ್ಕ: ಮೇನ್‌ನಿಂದ ಹಿಂದಕ್ಕೆ ಹೋಗಿ ತಲುಪಬಹುದಾದ ಎಲ್ಲದರಿಂದ 'ಈ' ಇಂದ ಹಾಗೇ ತಲುಪಬಹುದಾದ್ದನ್ನು ಕಳೆದರೆ ಉಳಿಯುವುದು. ಪಡೆಯುವವರ ಬಳಿ ಇರಲೇಬೇಕಾದ ಕಮಿಟ್‌ಗಳೂ ಎರಡಾಗುತ್ತವೆ. ಎ ಕೂರಲು 'ಈ' ಬೇಕು, ಉ ಕೂರಲು 'ಆ' ಬೇಕು. ಬಂಡಲ್ ಫೈಲಿನ ಮೊದಲ ಸಾಲುಗಳು ಸಾದಾ ಅಕ್ಷರದಲ್ಲೇ ಇರುತ್ತವೆ. ಅಲ್ಲಿ ಮೈನಸ್ ಗುರುತಿನಿಂದ ಶುರುವಾಗುವ ಸಾಲುಗಳಲ್ಲಿ ಈ ಎರಡನ್ನೂ ಕಣ್ಣಾರೆ ನೋಡಬಹುದು.

ನನ್ನ ಟೆಸ್ಟ್ ಸ್ಕ್ರಿಪ್ಟ್ ಈ ಏಳು ಕಮಿಟ್‌ಗಳ ಪುಟ್ಟ ರೆಪೊವನ್ನು ಪ್ರತಿಸಲ ಹೊಸದಾಗಿ ಕಟ್ಟುತ್ತದೆ. ಲೇಖಕರ ಹೆಸರು, ದಿನಾಂಕ ಎಲ್ಲ ಮೊದಲೇ ಗೊತ್ತುಮಾಡಿಟ್ಟಿರುತ್ತೇನೆ. ಇಲ್ಲದಿದ್ದರೆ ಪ್ರತಿಸಲ ಹ್ಯಾಶ್ (ಕಮಿಟ್‌ನ ಗುರುತಿನ ಸಂಖ್ಯೆ) ಬದಲಾಗಿ ಹೋಲಿಸೋಕೇ ಆಗಲ್ಲ. ಆಮೇಲೆ ಪಡೆಯುವ ರೆಪೊಗಳು ಮೂರು: ಒಂದು ಖಾಲಿ, ಒಂದು 'ಆ' ತನಕ, ಒಂದು 'ಈ' ತನಕ. ಮೊದಲೆರಡರಲ್ಲಿ ಫೆಚ್ ಸೋಲಲೇಬೇಕು, ಅದೂ ಸರಿಯಾದ ಕಾರಣಕ್ಕೆ. ಗೆಲ್ಲುವ ಟೆಸ್ಟ್ ಒಂದನ್ನೇ ಬರೆದು ಕೈತೊಳೆದುಕೊಳ್ಳುವವರು ಜಾಸ್ತಿ. ನಾನೂ ಹಾಗೇ ಇದ್ದೆ ಅನ್ನಿ. ಮೂರನೆಯದರಲ್ಲಿ ಫೆಚ್ ಆದ ಮೇಲೆ ಕಮಿಟ್‌ಗಳನ್ನು ಎಣಿಸಿ, ರೆಪೊ ಕೆಟ್ಟಿಲ್ಲವೇ ಅಂತ ನೋಡುವ 'ಎಫ್‌ಎಸ್‌ಸಿಕೆ' ಓಡಿಸಿ, ಎ ಗೆ ತಂದೆ-ತಾಯಿ ('ಈ' ಮತ್ತು 'ಊ') ಇಬ್ಬರೂ ಇದ್ದಾರಾ ನೋಡುತ್ತೇನೆ.

ಇನ್ನೊಂದು ಕಿರಿಕಿರಿ. ಬ್ರಾಂಚಿನ ಹೆಸರು ಕೊಡದೆ ಬರೀ ಹ್ಯಾಶ್‌ನಿಂದ ಹ್ಯಾಶ್‌ವರೆಗೆ ಅಂದರೆ, ಖಾಲಿ ಬಂಡಲ್ ಕಟ್ಟಲ್ಲ ಅಂತ ಗಿಟ್ ಹಟ ಹಿಡಿಯುತ್ತದೆ. ಕಮಿಟ್‌ಗಳೇನೋ ಇರುತ್ತವೆ, ಅವನ್ನು ಕರೆಯಲು ಒಂದು ಹೆಸರು ಬೇಕು, ಅಷ್ಟೇ.

ಈಗ ಆಫೀಸಿನಲ್ಲಿ ಸೈಟಿನ ರೆಪೊದ ನಕಲೊಂದನ್ನು ಬೇರೆಯೇ ಇಟ್ಟಿದ್ದೇನೆ. ಹೊರಡುವ ಮುಂಚೆ ಬಂಡಲ್ ಅದರೊಳಗೆ ಬಿಚ್ಚಿಕೊಳ್ಳಬೇಕು. ಸೈಟಿನಲ್ಲಿ ನಿಜವಾಗಿ ಫೆಚ್ ಆಗುವ ತನಕ ಆ ನಕಲನ್ನು ಮುಂದಕ್ಕೆ ಸರಿಸುವುದಿಲ್ಲ. ವಾಪಸ್ ಬರುವಾಗ ಅಲ್ಲಿನ ಮೇನ್‌ನ ಹ್ಯಾಶ್ ಬರೆದುಕೊಂಡು ಬರುತ್ತೇನೆ. ಒಳಗೆ ಫೋನ್ ಬಿಡಲ್ಲ, ಹಾಗಾಗಿ ಚೀಟಿ ಮೇಲೆ, ಪೆನ್ನಿನಲ್ಲಿ.