ಕಾಮ್ ಸರ್ವರನ್ನ ವಿಂಡೋಸ್ ಸರ್ವಿಸ್ ಆಗಿ ಓಡಿಸೋದು: ಓದ್ತಾ ಬರ್ಕೊಂಡ ನೋಟ್ಸ್

ಕಾಮ್ ಅಂದ್ರೆ ಒಂದು ಪ್ರೊಗ್ರಾಮ್ ಇನ್ನೊಂದರ ಆಬ್ಜೆಕ್ಟುಗಳನ್ನ ಕರೆದು ಬಳಸೋಕೆ ವಿಂಡೋಸಲ್ಲಿರೋ ವ್ಯವಸ್ಥೆ; ಆಬ್ಜೆಕ್ಟ್ ಕೊಡೋದು ಸರ್ವರ್, ಕರೆಯೋದು ಕ್ಲೈಂಟ್. ಕಾಮ್ ಸರ್ವರನ್ನ ಮಾಮೂಲಿ ಎಕ್ಸ್‌ಇ ಮಾಡಿ ರಿಜಿಸ್ಟರ್ ಮಾಡಿದ್ರೆ ಆರಾಮಾಗಿ ಓಡತ್ತಲ್ಲ, ಮತ್ತೆ ಸರ್ವಿಸ್ ಯಾಕೆ? ಯಾಕಂದ್ರೆ ಡೀಫಾಲ್ಟ್ ಆಗಿ ಅದು ಓಡೋದು ಕರೆದ ಯೂಸರ್ ಹೆಸರಲ್ಲೇ, ಹಾಗಾಗಿ ಒಂದೇ ಮಷೀನಲ್ಲಿ ಇಬ್ರು ಬೇರೆ ಬೇರೆ ಯೂಸರ್ ಕರೆದ್ರೆ ಎರಡು ಪ್ರೊಸೆಸ್ ಏಳತ್ತೆ. ಒಂದೇ ಕ್ಯಾಶ್, ಒಂದೇ ಡಿವೈಸ್ ಕನೆಕ್ಷನ್ ಎಲ್ರೂ ಹಂಚ್ಕೋಬೇಕು ಅಂದ್ರೆ ಅದು ಕೆಲಸಕ್ಕೆ ಬರಲ್ಲ. ಸರ್ವಿಸ್ ಆದ್ರೆ ಇಡೀ ಮಷೀನಿಗೆ ಒಂದೇ ಪ್ರೊಸೆಸ್, ಯಾರೂ ಲಾಗಿನ್ ಆಗಿರದಿದ್ರೂ ನಡೀತಿರತ್ತೆ. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಬಿಟ್ಸ್ ಇದೆಯಲ್ಲ, ಅಪ್ಡೇಟ್ ಫೈಲುಗಳನ್ನ ಹಿಂದೆ ಸದ್ದಿಲ್ದೆ ಇಳಿಸೋದು, ಅದೂ ಇದೇ ಜಾತಿ.

ರಿಜಿಸ್ಟ್ರಿ ಕೆಲಸ ಸಣ್ಣದು. ಕ್ಲಾಸ್ ಐಡಿ (ಆಬ್ಜೆಕ್ಟ್ ಕ್ಲಾಸಿನ ಗುರುತು) ಕೆಳಗೆ ಸರ್ವರಿನ ಗುರುತಾದ ಆಪ್‌ಐಡಿ, ಆ ಆಪ್‌ಐಡಿ ಕೆಳಗೆ ಲೋಕಲ್‌ಸರ್ವಿಸ್ ಅನ್ನೋ ವ್ಯಾಲ್ಯೂ, ಅದರಲ್ಲಿ ಸರ್ವಿಸ್ ಹೆಸರು (ಡಿಸ್‌ಪ್ಲೇ ನೇಮ್ ಅಲ್ಲ, ಒಳಗಿನ ಚಿಕ್ಕ ಹೆಸರು). ಇದಿದ್ರೆ, ಯಾವ ಎಕ್ಸ್‌ಇ ಓಡಿಸ್ಬೇಕು ಅಂತ ಹೇಳೋ ಲೋಕಲ್‌ಸರ್ವರ್32 ಕಡೆ ಕಾಮ್ ನೋಡಲ್ಲ, ಸರ್ವಿಸುಗಳನ್ನ ನೋಡ್ಕೊಳ್ಳೋ ಸರ್ವಿಸ್ ಕಂಟ್ರೋಲ್ ಮ್ಯಾನೇಜರಿಗೆ ಸ್ಟಾರ್ಟ್ ಮಾಡು ಅನ್ನತ್ತೆ.

ಸ್ಟಾರ್ಟ್ ಆಗೋವಾಗ ಎರಡು ಗಡಿಯಾರ ಓಡ್ತಿರತ್ತೆ. ಪ್ರೊಸೆಸ್ ಎದ್ದು 30 ಸೆಕೆಂಡ್ ಒಳಗೆ ಕಂಟ್ರೋಲ್ ಮ್ಯಾನೇಜರಿಗೆ ಕನೆಕ್ಟ್ ಆಗದಿದ್ರೆ ಎರರ್ 1053. ಕನೆಕ್ಟ್ ಆಗಿಯೂ ಕ್ಲಾಸ್ ಆಬ್ಜೆಕ್ಟ್ (ಕೇಳಿದ ಆಬ್ಜೆಕ್ಟನ್ನ ತಯಾರಿಸಿ ಕೊಡೋದು) ರಿಜಿಸ್ಟರ್ ಮಾಡೋಕೆ ತಡ ಮಾಡಿದ್ರೆ ಕ್ಲೈಂಟಿಗೆ ಹೆಕ್ಸ್ 80080005, ಅಂದ್ರೆ ಸರ್ವರ್ ಶುರು ಆಗ್ಲಿಲ್ಲ ಅನ್ನೋ ಎರರ್ ಸಿಗತ್ತೆ. ಡೇಟಾಬೇಸ್ ಓಪನ್ ಮಾಡೋಂಥ ನಿಧಾನದ ಕೆಲಸವನ್ನ ರಿಜಿಸ್ಟ್ರೇಷನ್‌ಗಿಂತ ಮೊದಲು ಇಡ್ಬೇಡಿ, ಬೇರೆ ಥ್ರೆಡ್ಡಿಗೆ ಕೊಡಿ.

ಈಗ ಸೆಕ್ಯುರಿಟಿ, ಜನ ಜಾಸ್ತಿ ಒದ್ದಾಡೋದು ಇಲ್ಲೇ. ಸರ್ವಿಸ್ ಮಷೀನಲ್ಲಿ ತುಂಬಾ ಹಕ್ಕಿರೋ ಲೋಕಲ್‌ಸಿಸ್ಟಮ್ ಅಕೌಂಟಲ್ಲಿ ಓಡ್ತಿದ್ರೆ ಕ್ಲೈಂಟ್ ಕೊಟ್ಟ ಪಾಥನ್ನ ಹಾಗೇ ಓಪನ್ ಮಾಡಿದ ಕ್ಷಣ, ಆ ಯೂಸರಿಗೆ ಇಲ್ಲದ ಹಕ್ಕನ್ನ ನೀವೇ ಕೈಗೆ ಕೊಟ್ಟ ಹಾಗೆ. ಮೊದಲು ಕ್ಲೈಂಟನ್ನ ಇಂಪರ್ಸನೇಟ್ ಮಾಡಿ (ಅಂದ್ರೆ ತಾತ್ಕಾಲಿಕವಾಗಿ ಅವರ ಹೆಸರು, ಹಕ್ಕು ತಗೊಂಡು), ಫೈಲ್ ಮುಟ್ಟಿ, ಆಮೇಲೆ ರಿವರ್ಟ್ ಮಾಡಿ. ಆದ್ರೆ ಕ್ಲೈಂಟ್ ಕೊಡೋ ಡೀಫಾಲ್ಟ್ ಲೆವೆಲ್ ಐಡೆಂಟಿಫೈ ಮಾತ್ರ, ಅದರಲ್ಲಿ ಯಾರು ಕರೆದ್ರು ಅಂತ ಗೊತ್ತಾಗತ್ತೆ ಅಷ್ಟೇ, ಅವರ ಹೆಸರಲ್ಲಿ ಫೈಲ್ ಓಪನ್ ಮಾಡೋಕಾಗಲ್ಲ, ಕ್ಲೈಂಟ್ ಕಡೆಯಿಂದಲೇ ಇಂಪರ್ಸನೇಟ್ ಲೆವೆಲ್ ಬರ್ಬೇಕು.

ಲೋಕಲ್‌ಸಿಸ್ಟಮ್ ಬೇಡ ಅಂತ ಕಮ್ಮಿ ಹಕ್ಕಿನ ನೆಟ್‌ವರ್ಕ್‌ಸರ್ವಿಸ್ ಅಕೌಂಟಿಗೆ ಬದಲಾಯಿಸೋದು ಒಳ್ಳೇದೇ, ನನ್ನ ಓಟೂ ಅದಕ್ಕೇ, ಆದ್ರೆ ಅಲ್ಲಿವರೆಗೂ ನಡೀತಿದ್ದ, ಸರ್ವರ್ ತಿರುಗಿ ಕ್ಲೈಂಟನ್ನ ಕರೆಯೋ ಕಾಲ್‌ಬ್ಯಾಕ್ 80070005 ಅಂದ್ರೆ ಆಕ್ಸೆಸ್ ಡಿನೈಡ್ ಅಂತ ನಿಲ್ಲಬಹುದು. ಕಾಲ್‌ಬ್ಯಾಕ್ ಹೊತ್ತಲ್ಲಿ ಕ್ಲೈಂಟೇ ಸರ್ವರ್ ಪಾತ್ರದಲ್ಲಿರತ್ತೆ, ಚೆಕ್ ನಡೆಯೋದು ಅದರ ಪ್ರೊಸೆಸ್ಸಲ್ಲಿ, ಯಾರು ಕರೀಬಹುದು ಅನ್ನೋ ಅದರ ಡೀಫಾಲ್ಟ್ ಲಿಸ್ಟಲ್ಲಿ ಸಿಸ್ಟಮ್ ಇದೆ, ನಿಮ್ಮ ಹೊಸ ಅಕೌಂಟ್ ಇಲ್ಲ. ಸರ್ವರ್ ಕಡೆ ಡಿಕಾಮ್ (ನೆಟ್‌ವರ್ಕ್ ಮೇಲೂ ನಡೆಯೋ ಕಾಮ್) ಸೆಟ್ಟಿಂಗ್ ಎಷ್ಟು ತಿರುಚಿದ್ರೂ ಇದು ಸರಿಹೋಗಲ್ಲ, ಕ್ಲೈಂಟ್ ಶುರುವಲ್ಲೇ ಕೋ-ಇನಿಶಿಯಲೈಸ್-ಸೆಕ್ಯುರಿಟಿ ಕರೆದು ಆ ಅಕೌಂಟಿಗೆ ಪರ್ಮಿಷನ್ ಕೊಡ್ಬೇಕು. ಒಂದು ಪ್ರೊಸೆಸ್ಸಿಗೆ ಅದು ಒಂದೇ ಸಲ ನಡೆಯೋ ಕಾಲ್. ನೀವು ಬರೆಯೋದು ಬೇರೆಯವರ ಪ್ರೊಗ್ರಾಮಿನೊಳಗೆ ಲೋಡ್ ಆಗೋ ಡಿಎಲ್‌ಎಲ್ ಆದ್ರೆ ಆ ಅವಕಾಶ ಸಾಮಾನ್ಯವಾಗಿ ಸಿಗಲ್ಲ. ಆಗ ಕಾಲ್‌ಬ್ಯಾಕ್ ಆಸೆ ಬಿಟ್ಟು ಪೋಲಿಂಗ್ (ಕ್ಲೈಂಟೇ ಆಗಾಗ ಕೇಳ್ತಿರೋದು) ಮಾಡೋದೇ ವಾಸಿ.

ವಿಸ್ಟಾದಿಂದ ಈಚೆಗೆ ಸರ್ವಿಸುಗಳಿಗೆ ಸೆಷನ್ 0 (ಯೂಸರ್‌ಗಳ ಲಾಗಿನ್‌ಗಳಿಂದ ಬೇರೆ ಇರೋ ಸೆಷನ್) ಪ್ರತ್ಯೇಕ, ಅಲ್ಲಿ ಮೆಸೇಜ್ ಬಾಕ್ಸ್ ಹಾಕಿದ್ರೆ ಯಾರ ಸ್ಕ್ರೀನಲ್ಲೂ ಕಾಣಲ್ಲ, ಓಕೆ ಒತ್ತೋರಿಲ್ದೆ ಆ ಥ್ರೆಡ್ ಅಲ್ಲೇ ಕೂತಿರತ್ತೆ. ಎಟಿಎಲ್ (ಕಾಮ್ ಬರೆಯೋಕೆ ಮೈಕ್ರೋಸಾಫ್ಟಿನ ಸಿ++ ಲೈಬ್ರರಿ) ಪ್ರಾಜೆಕ್ಟ್ ಆದ್ರೆ ಡೀಬಗ್ಗಿಗೆ ರೆಗ್‌ಸರ್ವರ್ ಸ್ವಿಚ್ಚಲ್ಲಿ ರಿಜಿಸ್ಟರ್ ಮಾಡಿ ಮಾಮೂಲಿ ಎಕ್ಸ್‌ಇ ಥರ ಓಡಿಸಿ, ಮುಗಿದ ಮೇಲೆ ಸರ್ವಿಸ್ ಸ್ವಿಚ್ಚಲ್ಲಿ ವಾಪಸ್ ಮಾಡಿ.