ಆ ತೂತು ಮುಚ್ಚಬೇಡಿ ಗೌಡ್ರೇ

ಚಿಕ್ಕಮಗಳೂರಿನ ನನ್ನ ಟಿಂಕರಿಂಗ್ ಶೆಡ್ಡಿಗೆ ಪ್ರತಿ ಮೇ ತಿಂಗಳು ಒಂದಿಷ್ಟು ಹಳೇ ಮಿಲಿಟರಿ ಜೀಪುಗಳು ಬರುತ್ತವೆ. ಎಸ್ಟೇಟಿನವರು ಅಪ್ಪನ ಕಾಲದಿಂದ ಸಾಕಿಕೊಂಡು ಬಂದ ವಿಲ್ಲೀಸ್, ಹರಾಜಿನಲ್ಲಿ ಹಿಡಿದ ಜೋಂಗಾ. ಎಲ್ಲರೂ ಹೇಳುವ ಕೆಲಸ ಒಂದೇ: "ಅಡಿಯಲ್ಲಿ ತೂತುಗಳಿವೆ, ನೀರು ಬರುತ್ತೆ. ವೆಲ್ಡ್ ಮಾಡಿ ಮುಚ್ಚಿಬಿಡಿ."

ಕಾಫಿ ಸಸಿಯ ಚೀಲಕ್ಕೆ ತೂತು ಇಲ್ಲದಿದ್ದರೆ ಬೇರು ಕೊಳೆಯುತ್ತೆ ಅಂತ ಆಳುಗಳಿಗೆ ಬೈಯುವವರೂ ಇವರೇ!

ಇನ್ನೊಂದು ಸಲ ಹೇಳುತ್ತೇನೆ. ಆ ತೂತು ಇರುವುದು ನೀರು ಹೊರಗೆ ಹೋಗಲಿಕ್ಕೆ. ನೀರು ಬರುವುದು ಮೇಲಿನಿಂದ. ಕ್ಯಾನ್ವಾಸ್ ಟಾಪಿನ ಸಂದಿಯಿಂದ, ನಿಮ್ಮ ಒದ್ದೆ ಬೂಟಿನಿಂದ, ತೊಳೆಯುವ ಪೈಪಿನಿಂದ. ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದರೂ ಬರುತ್ತೆ. ರಾತ್ರಿ ತಣ್ಣಗಾದ ತಗಡಿನ ಒಳಮೈ ಮೇಲೆ ಗಾಳಿಯ ತೇವ ಬೆವರಿನ ಹಾಗೆ ಕೂರುತ್ತದೆ. ನಾನು ಎಷ್ಟೇ ಚೆನ್ನಾಗಿ ವೆಲ್ಡ್ ಮಾಡಿದರೂ ತೇವ ಒಳಗೆ ಹೋಗದಂತೆ ಮಾಡಲಾರೆ. ಹೋದದ್ದು ಹೊರಗೆ ಬರದಂತೆ ಮಾಡಬಲ್ಲೆ, ಅಷ್ಟೇ.

ಎರಡು ವರ್ಷದ ಹಿಂದೆ ಮೂಡಿಗೆರೆ ಕಡೆಯ ಒಬ್ಬ ಗೌಡ್ರು ವಿಲ್ಲೀಸ್ ತಂದರು. ಹೊಸ ಆಲಿವ್ ಹಸಿರು ಪೇಂಟು, ನೋಡಲಿಕ್ಕೆ ಮದುವಣಿಗ. ಪೆಟ್ರೋಲ್ ವಾಸನೆ ಬರುತ್ತಿದೆ ಅನ್ನುವುದೊಂದೇ ದೂರು. ಈ ಜೀಪಿನ ಟ್ಯಾಂಕು ಡ್ರೈವರ್ ಸೀಟಿನ ಕೆಳಗೆ, ನೆಲದಲ್ಲೇ ಮಾಡಿದ ತೊಟ್ಟಿಯಲ್ಲಿ ಕೂರುತ್ತದೆ. ಟ್ಯಾಂಕು ಎತ್ತಿದೆವು. ತೊಟ್ಟಿಯಲ್ಲಿ ಎರಡು ಬೆರಳು ಎತ್ತರ ಚಹಾ ಬಣ್ಣದ ನೀರು. ಟ್ಯಾಂಕಿನ ತಳ ಜರಡಿ. ಬೇರೆ ಶೆಡ್ಡಿನಲ್ಲಿ ಯಾರೋ ತೊಟ್ಟಿಯ ತೂತಿಗೆ ಬಿಲ್ಲೆ ಇಟ್ಟು ವೆಲ್ಡ್ ಮಾಡಿ, ಮೇಲೆ ಪುಟ್ಟಿ ಹಾಕಿ ನುಣ್ಣಗೆ ಉಜ್ಜಿದ್ದರು. ಗೌಡ್ರು ಬಗ್ಗಿ ನೋಡಿ, "ಇದ್ಯಾವಾಗ ತುಂಬ್ಕಂತು ಮಾರಾಯ?" ಅಂದರು. ಪಾಪ, ಅವರೇ ದುಡ್ಡು ಕೊಟ್ಟು ಮಾಡಿಸಿದ್ದು.

ನೆಲದ ತಗಡಿಗೆ ಬಲ ಕೊಡಲು ಅಡಿಯಲ್ಲಿ ಬೆಸೆದ ಟೋಪಿ ಆಕಾರದ ಚಾನೆಲ್ ಇನ್ನೂ ಕಷ್ಟ. 1941ರಿಂದ 1945ರವರೆಗಿನ ಯುದ್ಧಕಾಲದ ವಿಲ್ಲೀಸಿನಲ್ಲಿ ಅದರೊಳಗೆ ಕಾರ್ಖಾನೆಯವರೇ ಮರದ ಪಟ್ಟಿ ಇಟ್ಟಿದ್ದರು. ಮರ ನೀರು ಕುಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಗೌಡ್ರ ಜೀಪಿನಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದೆ. ಒಂದು ಕಡೆ ಟಣ್, ಒಂದು ಗೇಣು ಆಚೆ ದಬ್. ದಬ್ ಅಂದಲ್ಲಿ ಕೆದಕಿದರೆ ಮರ ಟೀಯಲ್ಲಿ ಅದ್ದಿದ ರಸ್ಕಿನ ಹಾಗೆ ಉದುರಿತು.

ಜೀಪಿನ ಕೆಳಮೈಗೆ ದಪ್ಪ ಕಪ್ಪು ಕೋಟಿಂಗ್ ಹೊಡೆಸಿದ್ದೇವೆ, ಇನ್ನೇನು ಭಯ ಅನ್ನುವವರಿದ್ದಾರೆ. ಸ್ವಚ್ಛ ತಗಡಿಗೆ ಹೊಡೆದರೆ ಸರಿ. ತುಕ್ಕಿನ ಮೇಲೆ ಹೊಡೆದರೆ ಅದರಡಿಯಲ್ಲಿ ತುಕ್ಕು ಆರಾಮವಾಗಿ ಬೆಳೆಯುತ್ತೆ, ನಿಮಗೆ ಕಾಣುವುದಿಲ್ಲ.

ತೋಟದ ಜೀಪಾದರೆ ಇನ್ನೊಂದು ಮಾತು. ಪೊಟ್ಯಾಷ್ ಚೀಲ ಹೊತ್ತ ದಿನ ನೆಲ ಚೆನ್ನಾಗಿ ತೊಳೆದು ಒಣಗಿಸಿ. ಅದು ಉಪ್ಪಿನ ಜಾತಿ, ತೇವ ಎಳೆಯುತ್ತೆ. ಮೈಲುತುತ್ತಿನ ನೀರು ಚೆಲ್ಲಿದರೆ ಕಬ್ಬಿಣವನ್ನೇ ತಿನ್ನುತ್ತೆ. ಅದಕ್ಕೇ ಅಲ್ವಾ ಮೈಲುತುತ್ತು, ಸುಣ್ಣದ ಬೋರ್ಡೋ ಔಷಧಿ ಕಲಸಲಿಕ್ಕೆ ಪ್ಲಾಸ್ಟಿಕ್ ಡ್ರಮ್ ಇಡುವುದು?

ನಾನು ಮಾಡುವುದು ಇಷ್ಟು. ಕೊಳೆತ ತಗಡು ಕತ್ತರಿಸಿ ಹೊಸದು ಹಾಕುತ್ತೇನೆ. ವೆಲ್ಡಿಂಗ್ ಪೂರ್ತಿ ಮುಗಿದ ಮೇಲೆ ಉದ್ದ ನಳಿಗೆಯಿಂದ ಚಾಸಿಸ್ ಒಳಗೆ, ಚಾನೆಲ್ ಒಳಗೆ ತುಕ್ಕು ತಡೆಯುವ ಮೇಣ ಹೊಡೆಯುತ್ತೇನೆ. ಮೊದಲು ಮೇಣ, ಆಮೇಲೆ ವೆಲ್ಡಿಂಗ್ ಅಂದರೆ ಬೆಂಕಿ ಹತ್ತೀತು. ಮೇಣ ಒಳಗೆ ಎಷ್ಟು ಹೋಗಿದೆ ಅಂತ ಬಿಚ್ಚದೆ ಯಾರೂ ಖಾತ್ರಿ ಕೊಡಲಾರರು, ನಾನೂ ಕೊಡುವುದಿಲ್ಲ. ಒಂದೆರಡು ವರ್ಷಕ್ಕೊಮ್ಮೆ ಮತ್ತೆ ನೋಡಿಸಿ.

ಇದಕ್ಕೆ ಒಳ್ಳೆಯ ಸಮಯ ಕಾಫಿ ಕೊಯ್ಲು ಮುಗಿದು, ಗಿಡ ಹೂವರಳಿಸುವ ಹೂಮಳೆ ಬರುವ ಮುಂಚಿನ ಬಿಸಿಲು. ತಗಡು ಒಣಗಿರುತ್ತೆ, ಮೇಣ ಸಂದಿಗೆಲ್ಲ ಹರಿಯುತ್ತೆ. ಮೇ ಕೊನೆಗೆ ಬಂದು "ನಾಳೆ ಮಳೆ, ಇವತ್ತೇ ಹೊಡೆದುಕೊಡಿ" ಅಂದರೆ ನನ್ನಿಂದಾಗದು. ಮೇಣ ಹೊಡೆದ ಮೇಲೂ ನಮ್ಮ ಹುಡುಗ ಸೈಕಲ್ ಕಡ್ಡಿ ಹಿಡಿದು ಜೀಪಿನಡಿ ಮಲಗಿರುತ್ತಾನೆ. ಒಂದೊಂದೇ ತೂತು ಚುಚ್ಚಿ ಬಿಡಿಸಲಿಕ್ಕೆ.